ಕೊಡದೊಳಗಿನ ಓಲೆ

ನೀವು ವಾಸವಾಗಿರುವ ಬಡಾವಣೆಯಲ್ಲಿಯೂ ನಿವಾಸಿಗಳ ಸಂಘವೊಂದು ಇದ್ದೀತು. ನಲ್ಲಿಯ ನೀರು, ಬೀದಿಯ ದೀಪ, ಚರಂಡಿ, ಉದ್ಯಾನ, ಗಣೇಶೋತ್ಸವದ ಚಂದಾ ಇವೇ ಅದರ ಚಿಂತೆ. ವರ್ಷಕ್ಕೊಮ್ಮೆ ಸಭೆ ಕೂಡುತ್ತದೆ. ಹೊಸ ಕಾರ್ಯದರ್ಶಿ ಯಾರಾಗಬೇಕೆಂಬ ಪ್ರಶ್ನೆ ಬಂದಾಗ ಎಲ್ಲರೂ ಹಳಬರ ಮುಖವನ್ನೇ ನೋಡುತ್ತಾರೆ; ಲೆಕ್ಕಪತ್ರದ ಮಾತು ಬಂದಾಗ ಕೆಲವರು ಗಡಿಯಾರವನ್ನು ನೋಡುತ್ತಾರೆ. ಇದು ಈ ಕಾಲದ ದೋಷವೆಂದು ನಾವು ನೊಂದುಕೊಳ್ಳುವುದುಂಟು. ಆದರೆ ಸಾವಿರ ವರ್ಷಕ್ಕೂ ಹಿಂದೆ ಒಂದು ಊರಿನವರು ಇದೇ ತೊಡಕನ್ನು ಕಂಡು, ಅದಕ್ಕೆ ತಾವು ಮಾಡಿಕೊಂಡ ಕಟ್ಟಳೆಯನ್ನು ಕಲ್ಲಿನ ಮೇಲೆ ಬರೆಯಿಸಿದ್ದಾರೆ.

ಆ ಊರು ಇಂದಿನ ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯ ಉತ್ತರಮೇರೂರು. ಅಲ್ಲಿಯ ವೈಕುಂಠಪೆರುಮಾಳ್ ದೇವಾಲಯದ ಗೋಡೆಯ ಮೇಲೆ ಒಂದನೆಯ ಪರಾಂತಕ ಚೋಳನ ಕಾಲದ ಎರಡು ಶಾಸನಗಳಿವೆ. ಒಂದು ಕ್ರಿ.ಶ. 919ರದು, ಇನ್ನೊಂದು 921ರದು. 1898ರಲ್ಲಿ ಶಾಸನ ಇಲಾಖೆಯವರು ಇವುಗಳ ಪ್ರತಿ ತೆಗೆದರು, ವಿ. ವೆಂಕಯ್ಯನವರು ಇವನ್ನು ವಿದ್ವಾಂಸರ ಗಮನಕ್ಕೆ ತಂದರು.

ಊರನ್ನು 30 ಕುಡುಂಬುಗಳಾಗಿ ವಿಂಗಡಿಸಿದ್ದರು. ಕುಡುಂಬು ಎಂದರೆ ನಮ್ಮ ಮಾತಿನಲ್ಲಿ ಕೇರಿ ಎಂದುಕೊಳ್ಳಬಹುದು. ಊರ ಕೆಲಸಗಳನ್ನು ನಡೆಸಲು ‘ವಾರಿಯಂ’ ಎಂಬ ಸಮಿತಿಗಳಿದ್ದುವು. ಕೆರೆಗೆ ಏರಿ ವಾರಿಯಂ, ತೋಟಗಳಿಗೆ ತೋಟ್ಟ ವಾರಿಯಂ, ಹೊನ್ನಿಗೆ ಪೊನ್ ವಾರಿಯಂ, ಇವಲ್ಲದೆ ಸಂವತ್ಸರ ವಾರಿಯಂ ಮೊದಲಾದುವು. ತಮಿಳು ಬಾರದ ಕನ್ನಡಿಗರಿಗೂ ಈ ಹೆಸರುಗಳು ಕೇಳಿದ ಕೂಡಲೇ ತಿಳಿಯುತ್ತವೆ. ಕೆರೆಯ ದಂಡೆಯನ್ನು ನಾವು ಏರಿ ಎನ್ನುತ್ತೇವೆ, ಅವರು ಕೆರೆಯನ್ನೇ ಏರಿ ಎನ್ನುತ್ತಾರೆ, ವ್ಯತ್ಯಾಸ ಇಷ್ಟೇ. ಆಯ್ಕೆಯ ವಿಧಾನಕ್ಕೆ ‘ಕುಡವೋಲೈ’ ಎಂದು ಹೆಸರು. ಅದು ನಮ್ಮ ಕೊಡ ಮತ್ತು ಓಲೆಗಳೇ.

ಆ ವಿಧಾನ ಹೀಗಿದ್ದಿತು. ಪ್ರತಿಯೊಂದು ಕೇರಿಯವರೂ ಅರ್ಹರಾದವರ ಹೆಸರುಗಳನ್ನು ಓಲೆಗಳಲ್ಲಿ ಬರೆದು, ಕೇರಿಗೊಂದರಂತೆ ಕಟ್ಟು ಕಟ್ಟಿ ಕೊಡದಲ್ಲಿ ಹಾಕುವರು. ಹಿರಿಯರು, ಕಿರಿಯರೆನ್ನದೆ ಮಹಾಸಭೆ ಪೂರ್ತಿಯಾಗಿ ನೆರೆದಿರಬೇಕು. ವೃದ್ಧ ಅರ್ಚಕನೊಬ್ಬನು ಎದ್ದುನಿಂತು ಕೊಡವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿಯುವನು. ಒಳಗೇನಿದೆಯೆಂದು ಅರಿಯದ ಹುಡುಗನೊಬ್ಬನು ಒಂದು ಕಟ್ಟನ್ನು ತೆಗೆಯುವನು. ಅದರ ಓಲೆಗಳನ್ನು ಇನ್ನೊಂದು ಕೊಡಕ್ಕೆ ಹಾಕಿ ಕುಲುಕಿದ ಮೇಲೆ ಹುಡುಗನು ಒಂದೇ ಓಲೆಯನ್ನು ಆರಿಸಿ ಮಧ್ಯಸ್ಥನ ಕೈಗೆ ಕೊಡುವನು. ಮಧ್ಯಸ್ಥನು ಅದನ್ನು ಐದು ಬೆರಳುಗಳನ್ನೂ ಬಿಡಿಸಿ ಅಂಗೈಯಲ್ಲಿ ತೆಗೆದುಕೊಳ್ಳಬೇಕೆಂದು ಶಾಸನ ವಿಧಿಸುತ್ತದೆ. ಬೆರಳ ಸಂದಿಯಲ್ಲಿ ಬೇರೊಂದು ಓಲೆ ಅಡಗಿರಬಾರದಷ್ಟೆ! ಆತನು ಓದಿದ ಹೆಸರನ್ನು ನೆರೆದ ಅರ್ಚಕರೆಲ್ಲರೂ ಮತ್ತೊಮ್ಮೆ ಓದುವರು. ಹೀಗೆ 30 ಕೇರಿಗಳಿಂದ 30 ಜನ. ಅವರಲ್ಲಿ 12 ಮಂದಿ ಸಂವತ್ಸರ ಸಮಿತಿಗೆ, 12 ಮಂದಿ ತೋಟದ ಸಮಿತಿಗೆ, 6 ಮಂದಿ ಕೆರೆಯ ಸಮಿತಿಗೆ. ಅಧಿಕಾರಾವಧಿ 360 ದಿನಗಳು. ಅಪರಾಧ ಕಂಡುಬಂದವನನ್ನು ಅವಧಿಯ ನಡುವೆಯೇ ತೆಗೆದುಹಾಕುವರು.

ಅರ್ಹತೆಗಳೂ ಖಚಿತವಾಗಿದ್ದುವು. ತೆರಿಗೆ ತೆರುವ ಭೂಮಿ, ಸ್ವಂತ ನಿವೇಶನದಲ್ಲಿ ಮನೆ, ವೇದಜ್ಞಾನ, ನ್ಯಾಯವಾದ ಸಂಪಾದನೆ ಇವು ಬೇಕು. ಹಿಂದಿನ ಮೂರು ವರ್ಷ ಯಾವ ಸಮಿತಿಯಲ್ಲಿಯೂ ಇದ್ದಿರಬಾರದು. ಇವೆಲ್ಲಕ್ಕಿಂತ ಕಟುವಾದ ನಿಯಮವೊಂದುಂಟು. ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನ ಹೆಸರನ್ನು ಓಲೆಯಲ್ಲಿ ಬರೆಯುವಂತಿಲ್ಲ. ಅವನದಷ್ಟೇ ಅಲ್ಲ, ಅವನ ತಂದೆ, ಮಗ, ಅಣ್ಣತಮ್ಮಂದಿರು, ಮಾವ, ಅಳಿಯ, ಭಾವಮೈದುನ, ದೊಡ್ಡಮ್ಮ ಚಿಕ್ಕಮ್ಮಂದಿರ ಮಕ್ಕಳು, ಸೋದರತ್ತೆಯ ಮಕ್ಕಳು ಹೀಗೆ ನಂಟರ ಪಟ್ಟಿಯೇ ಬೆಳೆಯುತ್ತದೆ. ಒಬ್ಬನ ತಪ್ಪಿಗೆ ಬಂಧುಗಳಿಗೇಕೆ ಶಿಕ್ಷೆಯೆಂದು ನೀವು ಕೇಳಬಹುದು. ತಾನು ಇಳಿದು ಅಳಿಯನನ್ನು ಕೂರಿಸಿ ಲೆಕ್ಕವನ್ನು ಮುಚ್ಚುವ ಜಾಣರು ಆಗಲೂ ಇದ್ದಿರಬೇಕು. ಊರಿನ ದುಷ್ಟರು ಅಳಿದು ಉಳಿದವರು ಬಾಳಲೆಂಬುದೇ ಉದ್ದೇಶವೆಂದು ಶಾಸನವೇ ಸಾರುತ್ತದೆ.

ಇನ್ನೊಂದು ಸ್ವಾರಸ್ಯವಿದೆ. 919ರ ಕಟ್ಟಳೆಯನ್ನು ಎರಡೇ ವರ್ಷಗಳಲ್ಲಿ ತಿದ್ದಿದರು. ಮೊದಲು 30ರಿಂದ 60 ಎಂದಿದ್ದ ವಯೋಮಿತಿ 921ರಲ್ಲಿ 35ರಿಂದ 70 ಆಯಿತು. ಅನರ್ಹರ ಪಟ್ಟಿಯೂ ಬೆಳೆಯಿತು. ಕಲ್ಲಿನಲ್ಲಿ ಕೆತ್ತಿಸಿದ್ದನ್ನೂ ಸಾಲದೆಂದು ಕಂಡಾಗ ತಿದ್ದಿಕೊಳ್ಳಲು ಅವರು ನಾಚಲಿಲ್ಲ.

ಹಾಗೆಂದು ಇದನ್ನು ಇಂದಿನ ಪ್ರಜಾಪ್ರಭುತ್ವವೆಂದು ಕೊಂಡಾಡುವುದು ಸಲ್ಲದು. ಅದು ಬ್ರಾಹ್ಮಣ ಅಗ್ರಹಾರದ ಸಭೆ. ಹೊಲದಲ್ಲಿ ದುಡಿಯುವವನ ಹೆಸರಾಗಲಿ, ಹೆಂಗಸಿನ ಹೆಸರಾಗಲಿ ಆ ಕೊಡದೊಳಗೆ ಬೀಳುವಂತಿರಲಿಲ್ಲ. ಎರಡು ಬಾರಿಯೂ ದೊರೆಯ ಅಧಿಕಾರಿಯೊಬ್ಬನು ಸಭೆಯಲ್ಲಿ ಕುಳಿತಿದ್ದನು. ಕೆರೆಯ ನೀರು ಎಲ್ಲರಿಗೂ ಬೇಕಾಗಿದ್ದಿತು; ಅದನ್ನು ಕುರಿತು ಮಾತನಾಡುವ ಹಕ್ಕು ಕೆಲವರಿಗೆ ಮಾತ್ರ ಇದ್ದಿತು. ನಮ್ಮ ನಾಡಿನ ಅಗ್ರಹಾರಗಳ ಮಹಾಜನರೂ ಕೆರೆ, ದೇವಾಲಯ, ದಾನಗಳನ್ನು ನೋಡಿಕೊಳ್ಳುತ್ತಿದ್ದರೆಂದು ಕನ್ನಡ ಶಾಸನಗಳಿಂದ ತಿಳಿಯುತ್ತದೆ; ಆದರೆ ಆಯ್ಕೆಯ ಕ್ರಮವನ್ನು ಇಷ್ಟು ವಿವರವಾಗಿ ಹೇಳುವ ಶಾಸನಗಳು ವಿರಳ.

ಇಂದು ನಮ್ಮ ಕೊಡ ದೊಡ್ಡದಾಗಿದೆ. 1992ರ 74ನೆಯ ಸಂವಿಧಾನ ತಿದ್ದುಪಡಿಯು ಮೂರು ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿಗೆ ಅವಕಾಶ ಕಲ್ಪಿಸಿತು. ನೋಂದಾಯಿತ ಸಂಘಗಳಿಗೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯು ವಾರ್ಷಿಕ ಸಭೆಯನ್ನೂ ಲೆಕ್ಕಪತ್ರವನ್ನೂ ವಿಧಿಸಿದೆ. ಯಾವ ಮನೆಯವರೂ ಹೊರಗುಳಿಯಬೇಕಾಗಿಲ್ಲ. ಉತ್ತರಮೇರೂರಿನವರು ತಮ್ಮವರನ್ನು ಬಲ್ಲವರಾಗಿಯೂ, ಅಥವಾ ಬಲ್ಲವರಾದುದರಿಂದಲೇ, ಒಬ್ಬರ ಒಳ್ಳೆಯತನವನ್ನೇ ನಂಬಿ ಕೂರಲಿಲ್ಲ. ಸರದಿಯನ್ನೂ ಲೆಕ್ಕವನ್ನೂ ನಂಬಿದರು. ನಿಮ್ಮ ಬೀದಿಯ ಸಂಘದ ಮುಂದಿನ ವಾರ್ಷಿಕ ಸಭೆಗೆ ತಪ್ಪದೆ ಹೋಗಿರಿ. ಲೆಕ್ಕ ಓದುವ ಹೊತ್ತಿಗೆ ಎದ್ದುಬರಬೇಡಿ.