‘ಬಿಡಿ’ ಎಂದರೆ ಬಿಡುವುದಲ್ಲ

ಕೊಳ್ಳೇಗಾಲದಿಂದ ಹನೂರು ದಾಟಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ದಾರಿಯಲ್ಲಿದೆ ಕೌದಳ್ಳಿ. ಇಲ್ಲಿನ ಬೀದಿಯಲ್ಲಿ ಕನ್ನಡದ ಜೊತೆಗೆ ತಮಿಳೂ ಉರ್ದುವೂ ಕಿವಿಗೆ ಬೀಳುತ್ತವೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಈ ಸೀಮೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಇಷ್ಟು ಭಾಷೆಗಳ ನಡುವೆ ಬದುಕುವ ಊರಿನ ರೋಗಿಯೊಬ್ಬ ಆಸ್ಪತ್ರೆಯಿಂದ ಹೊರಬರುವಾಗ ಅವನ ಕೈಯಲ್ಲಿರುವ ಚೀಟಿಯ ಭಾಷೆ ಇವು ಯಾವುವೂ ಅಲ್ಲ. ಅದು ಲ್ಯಾಟಿನ್.

ಮಾತ್ರೆಯ ಹೆಸರಿನ ಮುಂದೆ ಬರೆದ ಇಂಗ್ಲಿಷ್ ಅಕ್ಷರಗಳನ್ನು ಗಟ್ಟಿಯಾಗಿ ಓದಿದರೆ ಕನ್ನಡದ ಕಿವಿಗೆ ಒಂದು ‘ಓಡಿ’ ಎಂದೂ ಮತ್ತೊಂದು ‘ಬಿಡಿ’ ಎಂದೂ ಕೇಳುತ್ತದೆ. ಓಡಬೇಕಾಗಿಯೂ ಇಲ್ಲ, ಮಾತ್ರೆ ಬಿಡಬೇಕಾಗಿಯೂ ಇಲ್ಲ. ‘ಓಡಿ’ ಎಂದರೆ ದಿನಕ್ಕೊಮ್ಮೆ, ‘ಬಿಡಿ’ ಎಂದರೆ ದಿನಕ್ಕೆ ಎರಡು ಸಲ, ‘ಟಿಡಿಎಸ್’ ಎಂದರೆ ಮೂರು ಸಲ. ‘ಎಚ್‌ಎಸ್’ ಮಲಗುವ ಹೊತ್ತಿಗೆ. ‘ಎಸ್‌ಓಎಸ್’ ಎಂದಿದ್ದರೆ ನೋವೋ ಜ್ವರವೋ ಇದ್ದಾಗ ಮಾತ್ರ. ಅದನ್ನು ದಿನವೂ ನುಂಗುತ್ತ ಕೂರಬಾರದು. ಯುರೋಪಿನ ವೈದ್ಯರು ಶತಮಾನಗಳ ಕಾಲ ಲ್ಯಾಟಿನ್ನಿನಲ್ಲೇ ಓದಿ ಬರೆದರು. ಬ್ರಿಟಿಷರ ವೈದ್ಯ ಪದ್ಧತಿಯೊಡನೆ ಅದರ ಚೂರುಗಳು ನಮ್ಮಲ್ಲಿಗೂ ಬಂದವು. ಕಾಲೇಜುಗಳಿಂದ ಲ್ಯಾಟಿನ್ ಹೋಯಿತು, ಚೀಟಿಯಿಂದ ಹೋಗಲಿಲ್ಲ. ಸಾಲದೆಂಬಂತೆ ಕಣ್ಣಿನ ವೈದ್ಯರ ಚೀಟಿಯಲ್ಲಿ ಅದೇ ‘ಓಡಿ’ಗೆ ಬಲಗಣ್ಣು ಎಂಬ ಅರ್ಥವೂ ಉಂಟು.

ಈ ಗಂಟನ್ನು ರೋಗಿಗೆ ಬಿಡಿಸಿ ಹೇಳುವವರು ಹೆಚ್ಚಾಗಿ ದಾದಿಯರು. ಅವರ ಹೆಸರಿನದೇ ಒಂದು ಚರಿತ್ರೆ. ಹಿಂದೆ ದಾದಿ ಎಂದರೆ ದೊಡ್ಡ ಮನೆಗಳಲ್ಲಿ ಮಗುವಿಗೆ ಹಾಲೂಡಿಸಿ ಸಾಕುವ ಹೆಂಗಸು. ಸ್ವಾರಸ್ಯವೆಂದರೆ, ಪೋಷಿಸು ಎಂಬ ಅರ್ಥದ ಲ್ಯಾಟಿನ್ ಮೂಲದಿಂದ ಬಂದ ‘ನರ್ಸ್’ ಕೂಡ ಮೊದಲು ಇದೇ ಹಾಲೂಡಿಸುವವಳು. ‘ಸಿಸ್ಟರ್’ ಬಂದದ್ದು ರೋಗಿಗಳ ಆರೈಕೆ ಮಾಡುತ್ತಿದ್ದ ಕ್ರೈಸ್ತ ಸನ್ಯಾಸಿನಿಯರಿಂದ. ಇವರ ಜೊತೆಗೆ ಹಳ್ಳಿಯಲ್ಲಿ ಹೆರಿಗೆ ಮಾಡಿಸುವ ಸೂಲಗಿತ್ತಿ ಮೊದಲಿನಿಂದಲೂ ಇದ್ದಳು. ಸರ್ಕಾರ ‘ಕಿರಿಯ ಮಹಿಳಾ ಆರೋಗ್ಯ ಸಹಾಯಕಿ’ ಎಂದು ಕರೆದದ್ದನ್ನು ಊರು ‘ನರ್ಸಮ್ಮ’ ಎಂದು ಮಾಡಿಕೊಂಡಿತು. ಕೇಂದ್ರ ಸರ್ಕಾರ 2016ರಲ್ಲಿ ತನ್ನ ಆಸ್ಪತ್ರೆಗಳ ಸ್ಟಾಫ್ ನರ್ಸ್ ಹುದ್ದೆಯ ಹೆಸರನ್ನು ನರ್ಸಿಂಗ್ ಆಫೀಸರ್ ಎಂದು ಬದಲಿಸಿತು. ಅದರ ಕನ್ನಡ ರೂಪ ಶುಶ್ರೂಷಾಧಿಕಾರಿ. ಉಚ್ಚರಿಸಲು ತುಸು ಕಷ್ಟವಾದ ಈ ಪದದ ಒಳಗೆ ಒಂದು ಒಳ್ಳೆಯ ಅರ್ಥ ಅಡಗಿದೆ. ಸಂಸ್ಕೃತದಲ್ಲಿ ಶುಶ್ರೂಷೆ ಎಂದರೆ ಮೂಲತಃ ‘ಕೇಳಬೇಕೆಂಬ ಇಚ್ಛೆ’. ಸೇವೆ ಎಂಬ ಅರ್ಥ ಆಮೇಲಿನದು.

ವಾರ್ಡಿನೊಳಗೆ ಮಾತು ಇನ್ನಷ್ಟು ಕಗ್ಗಂಟಾಗುತ್ತದೆ. ಶಸ್ತ್ರಚಿಕಿತ್ಸೆಯ ಮುನ್ನ ಮಂಚಕ್ಕೆ ‘ಎನ್‌ಬಿಎಂ’ ಎಂಬ ಚೀಟಿ ತೂಗುಹಾಕುತ್ತಾರೆ. ಬಾಯಿಗೆ ಏನನ್ನೂ ಕೊಡಬೇಡಿ ಎಂದು ಅರ್ಥ. ‘ಪಾಪ, ಹಸಿದಿದ್ದಾನೆ, ಅರ್ಧ ಲೋಟ ಕಾಫಿ ತಾನೇ’ ಎಂದು ಮನೆಯವರು ಕೊಟ್ಟುಬಿಟ್ಟರೆ, ಅರಿವಳಿಕೆಯಲ್ಲಿದ್ದಾಗ ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಜೀವಕ್ಕೇ ಅಪಾಯ. ಕಾರಣ ತಿಳಿಸಿ ಹೇಳಿದ್ದರೆ ಆ ಲೋಟ ಮಂಚದ ಹತ್ತಿರ ಬರುತ್ತಿರಲಿಲ್ಲ.

‘ಗ್ಲೂಕೋಸ್ ಹಾಕಿದರು’ ಎನ್ನುವುದು ಇನ್ನೊಂದು ರೂಢಿ. ತೂಗುವ ಬಾಟಲಿಯಲ್ಲಿ ಅನೇಕ ಸಲ ಇರುವುದು ಸಲೈನ್, ಅಂದರೆ ಲೀಟರಿಗೆ 9 ಗ್ರಾಂ ಉಪ್ಪು ಬೆರೆಸಿದ ಶುದ್ಧ ನೀರು. ಸಕ್ಕರೆ ಕಾಯಿಲೆಯವರು ಬಾಟಲಿ ಕಂಡೊಡನೆ ಹೆದರಬೇಕಿಲ್ಲ, ಏನಿದೆ ಎಂದು ಕೇಳಿದರಾಯಿತು. ‘ನನಗೆ ಬಿಪಿ ಇದೆ’ ಎಂಬ ಮಾತೂ ಹಾಗೆಯೇ. ಬಿಪಿ ಎಂದರೆ ರಕ್ತದೊತ್ತಡ. ಬದುಕಿರುವ ಎಲ್ಲರಿಗೂ ಅದು ಇದೆ! ಮೇಲಿನ ಅಂಕಿ ಹೃದಯ ಸಂಕುಚಿಸಿದಾಗಿನ ಒತ್ತಡ, ಕೆಳಗಿನದು ಸಡಿಲಗೊಂಡಾಗಿನದು. ತೋಳಿಗೆ ಪಟ್ಟಿ ಕಟ್ಟಿ, ಸ್ಟೆತಾಸ್ಕೋಪಿನಲ್ಲಿ ಸದ್ದು ಕೇಳಿ ಎರಡನ್ನೂ ಗುರುತಿಸುವ ವಿಧಾನವನ್ನು 1905ರಲ್ಲಿ ತಿಳಿಸಿದವರು ರಷ್ಯದ ಶಸ್ತ್ರವೈದ್ಯ ಕೊರೊಟ್ಕೊಫ್. ಪರೀಕ್ಷೆಯ ವರದಿ ‘ನೆಗೆಟಿವ್’ ಎಂದಿದ್ದರೆ ಹುಡುಕಿದ್ದು ಸಿಗಲಿಲ್ಲ ಎಂದರ್ಥ, ಸಾಮಾನ್ಯವಾಗಿ ಒಳ್ಳೆಯ ಸುದ್ದಿ.

ಹಾಗೆಂದು ರೋಗಿಯ ಬಳಿ ಪದಗಳಿಲ್ಲವೆಂದಲ್ಲ. ‘ಮೈಮೇಲೆ ಅಮ್ಮ ಎದ್ದಿದೆ’, ‘ದಿನ ತುಂಬಿದೆ’, ‘ಹೊರಗಾಗಿದ್ದೇನೆ’, ‘ಮಾಸು ಬಿದ್ದಿಲ್ಲ’ ಎಂಬ ಮಾತುಗಳಲ್ಲಿ ವೈದ್ಯರಿಗೆ ಬೇಕಾದ ವಿವರವೇ ಇದೆ. ಚರಕಸಂಹಿತೆ ಚಿಕಿತ್ಸೆಗೆ ನಾಲ್ಕು ಪಾದಗಳೆಂದು ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿಯನ್ನು ಹೇಳುತ್ತದೆ. ರೋಗಿಗೆ ಇರಬೇಕಾದ ಗುಣಗಳಲ್ಲಿ ತನ್ನ ಬೇನೆಯನ್ನು ವಿವರಿಸಿ ಹೇಳಬಲ್ಲ ಶಕ್ತಿಯೂ ಒಂದು. ಅವನು ಹೇಳಿದ್ದು ಎದುರಿನವರಿಗೆ ತಿಳಿಯಬೇಕಲ್ಲ! ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಗಿರಿಜನ ಹೆಣ್ಣುಮಕ್ಕಳಿಗೇ ನರ್ಸಿಂಗ್ ತರಬೇತಿ ಕೊಟ್ಟಿತು. ಸೋಲಿಗರ ಪೋಡಿನಲ್ಲಿ ಬೆಳೆದವಳಿಗೆ ಅಲ್ಲಿನ ಅಜ್ಜಿಯ ಮಾತನ್ನು ಯಾರೂ ಅನುವಾದಿಸಿಕೊಡಬೇಕಿಲ್ಲ.

ಈಚೆಗೆ ಎಷ್ಟೋ ವೈದ್ಯರು ‘ಬಿಡಿ’ಯ ಬದಲು 1-0-1 ಎಂದು ಬರೆಯುತ್ತಿದ್ದಾರೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು.