ರಕ್ತದಲ್ಲಿ ಬರೆದಿರುವ ಚರಿತ್ರೆ

ಚಾಮರಾಜನಗರದಿಂದ ಬಿಳಿಗಿರಿರಂಗನ ಬೆಟ್ಟದತ್ತ ಹೊರಟರೆ ಸೋಲಿಗರ ಪೋಡುಗಳು ಸಿಗುತ್ತವೆ. ಗುಂಡ್ಲುಪೇಟೆಯಿಂದ ಬಂಡೀಪುರದತ್ತ ನಡೆದರೆ ಜೇನುಕುರುಬರ ಹಾಡಿಗಳು. ಇವರನ್ನು 'ಆದಿಮಾನವರು' ಎಂದು ಹಗುರವಾಗಿ ಕರೆಯುವುದನ್ನು ನೀವೂ ಕೇಳಿರಬಹುದು.

ವಿಜ್ಞಾನ ಈ ಮಾತನ್ನು ಒಪ್ಪುವುದಿಲ್ಲ. ನಿಯಾಂಡರ್ತಾಲ್ ಮಾನವರು ಸುಮಾರು 40 ಸಾವಿರ ವರ್ಷಗಳ ಹಿಂದೆ ಅಳಿದುಹೋದರು. ಅವರ ಎಲುಬಿನಲ್ಲಿ ಉಳಿದಿದ್ದ ವಂಶವಾಹಿಗಳನ್ನು ಸ್ವಾಂತೆ ಪಾಬೊ ಮತ್ತು ಸಂಗಡಿಗರು 2010ರಲ್ಲಿ ಓದಿ ತೋರಿಸಿದರು. ಆಫ್ರಿಕಾದ ಹೊರಗಿನ ಜನರೆಲ್ಲರಲ್ಲಿಯೂ ಆ ಅಂಶ ಶೇಕಡ 1ರಿಂದ 2ರಷ್ಟಿದೆ. 2,762 ಭಾರತೀಯರನ್ನು ಕುರಿತು 2025ರಲ್ಲಿ ಪ್ರಕಟವಾದ ಅಧ್ಯಯನವಂತೂ, ನಿಯಾಂಡರ್ತಾಲ್ ತುಣುಕುಗಳ ವೈವಿಧ್ಯ ನಮ್ಮ ದೇಶದಲ್ಲಿಯೇ ಅತಿ ಹೆಚ್ಚು ಎಂದಿತು. ಅಂದಮೇಲೆ ಆದಿಮಾನವನು ಪೋಡಿನಲ್ಲಿ ಮಾತ್ರವಿಲ್ಲ, ಪೇಟೆಯ ಅಂಗಡಿಯಲ್ಲಿಯೂ ಇದ್ದಾನೆ, ಈ ಪುಟವನ್ನು ಓದುತ್ತಿರುವ ನಿಮ್ಮಲ್ಲಿಯೂ ಇದ್ದಾನೆ.

ಆದರೂ ಸಂಶೋಧಕರಿಗೆ ಬೆಟ್ಟದ ಜನರ ರಕ್ತ ಬೇಕು. ಜಗತ್ತಿನ ವಂಶವಾಹಿ ಮಾಹಿತಿಯಲ್ಲಿ ಬಹುಪಾಲು ಯುರೋಪ್ ಮೂಲದವರದು. ಉಳಿದವರ ರೋಗಗಳು ಕತ್ತಲಲ್ಲಿಯೇ ಉಳಿದಿವೆ. ಸೋಲಿಗರಲ್ಲಿ ಕಾಣುವ ಸಿಕಲ್ ಸೆಲ್ ರಕ್ತಹೀನತೆಯನ್ನೇ ನೋಡಿ. ತಂದೆ ತಾಯಿ ಇಬ್ಬರೂ ಅದರ ವಾಹಕರಾಗಿದ್ದರೆ ಪ್ರತಿ ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಪರೀಕ್ಷೆ ಬೇಡವೆನ್ನಲು ಯಾರಿಗೂ ಮನಸ್ಸು ಬಾರದು.

ಪ್ರಶ್ನೆಯಿರುವುದು ಪರೀಕ್ಷೆಯ ನಂತರ. ಅಮೆರಿಕದ ಅರಿಜೋನಾದಲ್ಲಿ ಹವಾಸುಪಾಯಿ ಎಂಬ ಮೂಲನಿವಾಸಿಗಳು 1990ರಿಂದ ಸಕ್ಕರೆ ಕಾಯಿಲೆಯ ಸಂಶೋಧನೆಗೆಂದು ರಕ್ತ ಕೊಟ್ಟರು. ಅದೇ ರಕ್ತದಿಂದ ಅವರ ಪೂರ್ವಜರ ವಲಸೆಯನ್ನೂ ಮಾನಸಿಕ ರೋಗಗಳನ್ನೂ ಅಧ್ಯಯನ ಮಾಡಲಾಯಿತು. ಆ ಕಣಿವೆಯಲ್ಲಿಯೇ ಹುಟ್ಟಿದವರೆಂದು ನಂಬಿ ಬಾಳಿದ ಜನ ಅವರು! ಮೊಕದ್ದಮೆ ನಡೆದು, 2010ರಲ್ಲಿ 7 ಲಕ್ಷ ಡಾಲರ್ ಪರಿಹಾರದೊಡನೆ ಉಳಿದ ರಕ್ತವೂ ಅವರಿಗೆ ಮರಳಿತು.

ನಮ್ಮಲ್ಲಿ 2011ರಲ್ಲಿಯೇ ಸೋಲಿಗರ ವಂಶವಾಹಿಗಳ ಅಧ್ಯಯನವೊಂದು ಪ್ರಕಟವಾಗಿ, ಆಸ್ಟ್ರೇಲಿಯಾದ ಮೂಲನಿವಾಸಿಗಳೊಡನೆ ಅವರ ನಂಟನ್ನು ಸೂಚಿಸಿತು. ಅದೇ ವರ್ಷ ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಅವರ ಸಾಮುದಾಯಿಕ ಅರಣ್ಯ ಹಕ್ಕುಗಳಿಗೆ ಮಾನ್ಯತೆ ದೊರೆಯಿತು. ಕಾಡಿನ ಜೇನಿನ ಮೇಲೆ ಗ್ರಾಮಸಭೆಗೆ ಹಕ್ಕಿದ್ದರೆ, ಮೈಯ ರಕ್ತದ ಮೇಲೆ ಅದಕ್ಕಿಂತ ಕಡಿಮೆ ಹಕ್ಕೇ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಸಮುದಾಯದ ಹಿರಿಯರು ಒಪ್ಪಿದರೂ ಪ್ರತಿಯೊಬ್ಬರ ಸ್ವಂತ ಒಪ್ಪಿಗೆ ಬೇಕೇ ಬೇಕು. ಓದುಬರಹವಿಲ್ಲದ ಅಜ್ಜಿಗೆ 'ವಂಶವಾಹಿ' ಎಂಬುದನ್ನು ಅವಳ ನುಡಿಯಲ್ಲಿ ತಿಳಿಸದೆ ಪಡೆದ ಹೆಬ್ಬೆಟ್ಟನ್ನು ನಾನು ಒಪ್ಪಿಗೆ ಎನ್ನಲಾರೆ.

2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ ಪರೀಕ್ಷೆಗೊಳಗಾದವರಿಗೆ ಕಾರ್ಡು ಕೊಡುತ್ತಾರೆ. ಮದುವೆಗೆ ಮುನ್ನ ಗಂಡು ಹೆಣ್ಣಿನ ಕಾರ್ಡುಗಳನ್ನು ಹೋಲಿಸಿ ನೋಡಲೆಂಬುದು ಉದ್ದೇಶ. 'ವಾಹಕಿ' ಎಂದು ಬರೆದ ಕಾರ್ಡು ಹಿಡಿದು ಹಾಡಿಗೆ ಮರಳುವ ಹುಡುಗಿಗೆ, ಇದು ರೋಗವಲ್ಲ, ನಿನಗೆ ಮದುವೆಯಾಗಬಹುದು, ಹುಡುಗನೂ ಪರೀಕ್ಷೆ ಮಾಡಿಸಿಕೊಂಡಿರಲಿ ಎಂದು ಕುಳಿತು ಹೇಳುವವರು ಬೇಕು.