ಜೀಪಿನ ದಾಹ, ಸಕ್ಕರೆ ನಾಡಿನ ಉಪಾಯ

ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂಬ ಗಾದೆಯ ಅರ್ಥವನ್ನು ಹಳೆಯ ಜೀಪು ಸಾಕಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಈ ವಾಹನಕ್ಕೆ ಇನ್ನೂ ಮರ್ಯಾದೆ ಉಂಟು. ಅದು ನಾಲೆ ಏರಿಯ ಮೇಲೆ ಹೋಗುತ್ತದೆ, ಕಬ್ಬಿನ ಗದ್ದೆಯ ಕೆಸರಿನಲ್ಲಿ ಹೂತರೂ ಎದ್ದು ಬರುತ್ತದೆ, ಮುತ್ತತ್ತಿಯ ಕಾಡುದಾರಿಗೂ ಹೆದರುವುದಿಲ್ಲ. ಆದರೆ ಬಂಕಿನ ಮುಂದೆ ನಿಂತ ಗಳಿಗೆಯಲ್ಲಿ ಈ ಗುಣಗಳೆಲ್ಲ ಮರೆತು ಹೋಗುತ್ತವೆ. ಲೀಟರಿಗೆ ಎಷ್ಟು ಕಿಲೋಮೀಟರು ಎಂಬ ಪ್ರಶ್ನೆಯೊಂದೇ ಉಳಿಯುತ್ತದೆ.

ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಈ ಪ್ರಶ್ನೆಗೆ ಇಲ್ಲಿನ ಗ್ಯಾರೇಜುಗಳು ಉತ್ತರ ಹುಡುಕಿವೆ. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿದ್ದುಂಟು, ಟ್ರ್ಯಾಕ್ಟರಿನ ನಂಟಿನ ಎಂಜಿನ್ ಇಳಿಸಿದ್ದುಂಟು. ಈಗ ಕಬ್ಬಿನಿಂದಲೇ ಹುಟ್ಟಿದ ಎಥೆನಾಲ್ ಟ್ಯಾಂಕಿಗೆ ಬಂದಿದೆ. ಇಂಧನ ಬದಲಾದದ್ದೇ ಈ ಇತಿಹಾಸದ ದೊಡ್ಡ ಅಧ್ಯಾಯ. ಹಾಗಿದ್ದರೂ ನಿಜವಾದ ಉಳಿತಾಯ ಅನೇಕ ಸಲ ಯಾರೂ ಗಮನಿಸದ ಸಣ್ಣ ಸಣ್ಣ ಜಾಗಗಳಲ್ಲಿ ಅಡಗಿತ್ತು.

ಜೀಪು ಹುಟ್ಟಿದ್ದು ಉಳಿತಾಯಕ್ಕಲ್ಲ, ಯುದ್ಧಕ್ಕೆ. 1940ರಲ್ಲಿ ಅಮೆರಿಕದ ಸೇನೆ ಹಗುರವಾದ, ನಾಲ್ಕೂ ಚಕ್ರಗಳಿಗೆ ಶಕ್ತಿ ಹಾಯುವ ಗಾಡಿಯೊಂದನ್ನು ಕೇಳಿತು. ಅದು ಮೊದಲು ಹೇಳಿದ ತೂಕ 1,300 ಪೌಂಡು. ಅಷ್ಟರಲ್ಲಿ ಅಂಥ ಗಾಡಿ ಕಟ್ಟುವುದು ಯಾರಿಂದಲೂ ಆಗದೆ ಮಿತಿ 2,160 ಪೌಂಡಿಗೆ ಏರಿತು. ವಿಲ್ಲಿಸ್ ಕಂಪನಿಯ ಮಾದರಿ ಅದನ್ನೂ ಮೀರಿತ್ತು. ಕಂಪನಿಯ ಎಂಜಿನಿಯರ್ ಡೆಲ್ಮಾರ್ ರೂಸ್ ಗಾಡಿಯನ್ನು ಬಿಚ್ಚಿ ಬಿಡಿಭಾಗಗಳನ್ನು ಒಂದೊಂದಾಗಿ ತೂಗಿಸಿದ. ಬೋಲ್ಟುಗಳ ಹೆಚ್ಚುವರಿ ಉದ್ದ ಕತ್ತರಿಸಿದರು, ಬಣ್ಣವನ್ನು ಕೂಡ ತೆಳುವಾಗಿ ಬಳಿದರು. ಹೀಗೆ ಔನ್ಸು ಲೆಕ್ಕದಲ್ಲಿ ತೂಕ ಇಳಿಸಿದ ಗಾಡಿಗೆ ನಮ್ಮವರು ಆಮೇಲೆ ಕಬ್ಬಿಣದ ಗಾರ್ಡು, ಮೇಲೆ ಕ್ಯಾರಿಯರು, ಹಿಂದೆ ಎರಡು ಬೆಂಚು, ತಗಡಿನ ಬಾಗಿಲು ಎಲ್ಲವನ್ನೂ ಸೇರಿಸಿದರು!

ಆ ಯುದ್ಧದ ಜೀಪಿನ ಎಂಜಿನ್ 2,199 ಸಿ.ಸಿ.ಯದು, ಅದರ ಶಕ್ತಿ 60 ಅಶ್ವಶಕ್ತಿ. ಸೀಟಿನಡಿಯ 15 ಅಮೆರಿಕನ್ ಗ್ಯಾಲನ್ ಟ್ಯಾಂಕು ತುಂಬಿದರೆ 300 ಮೈಲಿ ಓಡಬೇಕೆಂಬುದು ಸೇನೆಯ ಲೆಕ್ಕವಾಗಿತ್ತು. ನಮ್ಮ ಅಳತೆಗೆ ಇಳಿಸಿದರೆ ಲೀಟರಿಗೆ ಎಂಟೂವರೆ ಕಿ.ಮೀ. ಅದೂ ಹೊಸ ಗಾಡಿಗೆ, ಒಳ್ಳೆಯ ರಸ್ತೆಯಲ್ಲಿ. ಎಂಜಿನ್ನಿನೊಳಗೆ ಗಾಳಿ-ಪೆಟ್ರೋಲಿನ ಮಿಶ್ರಣವನ್ನು ಎಷ್ಟು ಬಿಗಿಯಾಗಿ ಒತ್ತಿ ಉರಿಸುತ್ತಾರೋ ಅಷ್ಟು ಹೆಚ್ಚು ಕೆಲಸ ಹೊರಡುತ್ತದೆ. ಯುದ್ಧಭೂಮಿಯಲ್ಲಿ ಸಿಕ್ಕ ಕೀಳು ಪೆಟ್ರೋಲಿನಲ್ಲೂ ಓಡಲೆಂದು ಜೀಪಿನಲ್ಲಿ ಈ ಒತ್ತಡವನ್ನು ಆರೂವರೆ ಪಟ್ಟಿಗೇ ನಿಲ್ಲಿಸಿದ್ದರು. ಜತೆಗೆ ಗೋಡೆಯಂಥ ಚಪ್ಪಟೆ ಮುಖ ಬೇರೆ. ಹೊಟ್ಟೆಬಾಕತನ ಹುಟ್ಟುಗುಣವಾದದ್ದು ಹೀಗೆ.

ಯುದ್ಧ ಮುಗಿದ ಮೇಲೆ ಸೇನೆ ಮಾರಿದ ‘ಡಿಸ್ಪೋಸಲ್’ ಜೀಪುಗಳು ಊರೂರಿಗೆ ಬಂದವು. 1945ರಲ್ಲಿ ಮಹೀಂದ್ರ ಅಂಡ್ ಮೊಹಮ್ಮದ್ ಎಂಬ ಹೆಸರಿನಲ್ಲಿ ಆರಂಭವಾಗಿ, 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಆದ ಕಂಪನಿ ವಿಲ್ಲಿಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸತೊಡಗಿತು. ಮುಂದೆ ಅದು ತಯಾರಿಸಿದ ಸಿಜೆ-3ಬಿ ಮಾದರಿಯೇ ನಮ್ಮ ಕಣ್ಣಿಗೆ ‘ಜೀಪು’ ಎಂದರೆ ಇದು ಎಂದು ಕೂತುಬಿಟ್ಟ ರೂಪ. ಅದರ ಬಾನೆಟ್ ಎತ್ತರವಾಗಿರುವುದು ಅಂದಕ್ಕಲ್ಲ. ಹೊಸ ಎಂಜಿನ್ನಿನಲ್ಲಿ ಗಾಳಿ ಎಳೆಯುವ ವಾಲ್ವುಗಳು ಮೇಲಕ್ಕೆ ಬಂದು ಎಂಜಿನ್ ಎತ್ತರವಾದುದರಿಂದ.

1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾಯಿತು. ಅದು ಬ್ಲಾಕುಗಳಿಗೆ ಹರಡುತ್ತ ಹೋದಂತೆ ಬಿ.ಡಿ.ಒ. ಸಾಹೇಬರೂ ಜೀಪೂ ಒಂದೇ ಪದವೆಂಬಷ್ಟು ಹೊಂದಿಕೊಂಡರು. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಮಂಡ್ಯ, ಮದ್ದೂರು, ಮಳವಳ್ಳಿ ಬಯಲಿನಲ್ಲಿ ನೀರಾವರಿ ಇಲಾಖೆಯವರಿಗೂ ಕಬ್ಬಿನ ಸರ್ವೆ ಮಾಡುವವರಿಗೂ ಅದಿಲ್ಲದೆ ನಡೆಯುತ್ತಿರಲಿಲ್ಲ. ಆ ದಿನಗಳಲ್ಲಿ ಜೀಪಿನ ಮೈಲೇಜಿನ ಬಗೆಗೆ ಯಾರೂ ತಲೆ ಕೆಡಿಸಿಕೊಂಡಂತೆ ಕಾಣದು. ಪೆಟ್ರೋಲು ಅಗ್ಗ, ಗಾಡಿ ಸರ್ಕಾರದ್ದು, ಲೆಕ್ಕ ಲಾಗ್ ಬುಕ್ಕಿನದು.

ಇಂಧನದ ಬರ ಎಂದರೇನೆಂದು ಆ ಹೊತ್ತಿಗಾಗಲೇ ಮೈಸೂರು ಸಂಸ್ಥಾನ ಕಂಡಿತ್ತು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲು ರೇಷನ್ ಆದಾಗ ಬಸ್ಸುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲು ಗ್ಯಾಸಿನಲ್ಲಿ ಓಡಿದವು. ಇದ್ದಿಲನ್ನು ಸಾಕಷ್ಟು ಗಾಳಿ ಕೊಡದೆ ಉರಿಸಿದರೆ ಹೊರಡುವ ಕಾರ್ಬನ್ ಮಾನಾಕ್ಸೈಡೇ ಅವುಗಳ ಇಂಧನ. ಏರು ಬಂದರೆ ಪ್ರಯಾಣಿಕರು ಇಳಿದು ನೂಕಬೇಕು. 1933ರಲ್ಲಿ ಸ್ಥಾಪನೆಯಾದ ಮಂಡ್ಯದ ಮೈಸೂರು ಸಕ್ಕರೆ ಕಂಪನಿಯ ಬಳಿ ಇದಕ್ಕಿಂತ ನಾಜೂಕಾದ ದಾರಿ ಇತ್ತು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಹುಳಿಸಿ, ಭಟ್ಟಿ ಇಳಿಸಿ, ನೀರಿನ ಅಂಶ ಪೂರಾ ತೆಗೆದರೆ ಸಿಗುವ ‘ಪವರ್ ಆಲ್ಕೋಹಾಲ್’. ಅದನ್ನು ಪೆಟ್ರೋಲಿಗೆ ಬೆರೆಸಬಹುದಿತ್ತು. 1948ರಲ್ಲಿ ಕೇಂದ್ರವೇ ಭಾರತೀಯ ಪವರ್ ಆಲ್ಕೋಹಾಲ್ ಕಾಯಿದೆ ತಂದು ಶೇ 5ರಿಂದ 25ರವರೆಗೆ ಬೆರಕೆಗೆ ಅವಕಾಶ ಮಾಡಿತು. ಮುಂದೆ ಅಗ್ಗದ ಪೆಟ್ರೋಲು ಹರಿದು ಬಂದಾಗ ಆಲ್ಕೋಹಾಲು ರಾಸಾಯನಿಕ ಕಾರ್ಖಾನೆಗಳಿಗೂ ಸಾರಾಯಿಗೂ ಹೋಯಿತು, ಕಾಯಿದೆ ಕಪಾಟಿನಲ್ಲಿ ಕುಳಿತಿತು. 2000ದಲ್ಲಿ ಅದು ರದ್ದೂ ಆಯಿತು.

ನಿಜವಾದ ಪೆಟ್ಟು ಬಿದ್ದದ್ದು 1973ರಲ್ಲಿ. ಅರಬ್ ರಾಷ್ಟ್ರಗಳು ಅಕ್ಟೋಬರಿನಲ್ಲಿ ತೈಲ ನಿರ್ಬಂಧ ಹೇರಿದವು. ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ನಾಲ್ಕು ಪಟ್ಟಾಯಿತು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ಆ ನವೆಂಬರ್ ತಿಂಗಳಲ್ಲೇ, ಪೆಟ್ರೋಲ್ ಬೆಲೆ ಏರಿಕೆಯನ್ನು ಪ್ರತಿಭಟಿಸಿ ವಾಜಪೇಯಿ ಅವರು ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದರು. ಎತ್ತಿನ ಗಾಡಿಯಲ್ಲೇ ಕಬ್ಬು ಸಾಗಿಸುತ್ತಿದ್ದ ಮಂಡ್ಯದ ರೈತನಿಗೆ ಅದರಲ್ಲಿ ಹೊಸತೇನೂ ಕಂಡಿರಲಾರದು. ಜೀಪು ಇದ್ದವನ ಪಾಡು ಮಾತ್ರ ಬೇರೆ.

ಅವನ ಮೊದಲ ಉಪಾಯ ಸೀಮೆಎಣ್ಣೆ. ಒತ್ತಡ ಕಡಿಮೆ ಇರುವ ಎಂಜಿನ್ನಾದ್ದರಿಂದ ಜೀಪು ಅದನ್ನು ಸಹಿಸಿಕೊಂಡಿತು. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ವಿದ್ಯೆ ಪಂಪ್‌ಸೆಟ್ಟಿನ ಕಾಲದಿಂದಲೂ ರೈತನಿಗೆ ಪರಿಚಿತ. ಆದರೆ ಪೂರಾ ಉರಿಯದ ಸೀಮೆಎಣ್ಣೆ ಸಿಲಿಂಡರಿನ ಗೋಡೆಗುಂಟ ಕೆಳಗಿಳಿದು ಎಂಜಿನ್ ಆಯಿಲನ್ನು ನೀರು ಮಾಡುತ್ತದೆ, ಬೇರಿಂಗುಗಳು ಸವೆಯುತ್ತವೆ. ಪಡಿತರದ ಸೀಮೆಎಣ್ಣೆ ಗಾಡಿಗೆ ಸುರಿಯುವುದು ಅಪರಾಧ ಎಂಬುದು ಬೇರೆ ಮಾತು. ಬಂಕಿನಲ್ಲಿ ಉಳಿದ ದುಡ್ಡು ಬೋರಿಂಗಿಗೆ ಹೋಗುತ್ತಿತ್ತು ಎಂಬುದು ಲೆಕ್ಕದ ಮಾತು.

ಎರಡನೆಯ ಉಪಾಯ ಡೀಸೆಲ್. ಇದೇ ಬಾಳಿತು. ಡೀಸೆಲ್ ಎಂಜಿನ್ ಬರಿಯ ಗಾಳಿಯನ್ನು ಇಪ್ಪತ್ತು ಪಟ್ಟಿನಷ್ಟು ಒತ್ತಿ, ಆ ಬಿಸಿಗೇ ಎಣ್ಣೆ ಹೊತ್ತಿಸುತ್ತದೆ. ಅದರ ಮೇಲೆ ಒಂದು ಲೀಟರ್ ಡೀಸೆಲಿನಲ್ಲಿ ಅಡಗಿರುವ ಶಾಖವೂ ಪೆಟ್ರೋಲಿಗಿಂತ ಶೇ 10ಕ್ಕೂ ಹೆಚ್ಚು. ಸರ್ಕಾರ ಬಹುಕಾಲ ಡೀಸೆಲ್ ಬೆಲೆಯನ್ನು ಕೆಳಗೇ ಹಿಡಿದಿಟ್ಟದ್ದು ಮೂರನೆಯ ಲಾಭ. ಮಹೀಂದ್ರ 1963ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜತೆಗೂಡಿ ಬಿ-275 ಟ್ರ್ಯಾಕ್ಟರ್ ತಯಾರಿಕೆಗೆ ಕೈ ಹಾಕಿತ್ತು. ಮುಂದಿನ ದಶಕದ ಡೀಸೆಲ್ ಜೀಪಿಗೆ ಬಂದದ್ದು ಆ ಟ್ರ್ಯಾಕ್ಟರ್ ಎಂಜಿನ್ನಿನ ದಾಯಾದಿ. 1980ರ ದಶಕದಲ್ಲಿ ಫ್ರಾನ್ಸಿನ ಪ್ಯೂಜೋ ವಿನ್ಯಾಸದ 2,112 ಸಿ.ಸಿ. ಎಂಜಿನ್ ಬಂದು ಗದ್ದಲ ಸ್ವಲ್ಪ ಇಳಿಯಿತು.

ಸಕ್ಕರೆ ಜಿಲ್ಲೆಗೆ ಟ್ರ್ಯಾಕ್ಟರ್ ಹೊಸತಾಗಿರಲಿಲ್ಲ. ಟ್ರ್ಯಾಕ್ಟರ್ ರಿಪೇರಿ ಬಲ್ಲ ಮೇಸ್ತ್ರಿಗೆ ಡೀಸೆಲ್ ಜೀಪು ಒಗಟಾಗಲಿಲ್ಲ, ಬಿಡಿಭಾಗಕ್ಕೂ ಪರದಾಡಬೇಕಿರಲಿಲ್ಲ. ಹಳೆಯ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಏರಿಸುವ ಕೆಲಸ ಗ್ಯಾರೇಜುಗಳಲ್ಲಿ ಸಾಮಾನ್ಯವಾಯಿತು. ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಕೂರುವ ಪ್ಲೇಟನ್ನು ಲೇತ್ ಮಿಷನ್ನಿನಲ್ಲಿ ಕಡೆಸಬೇಕು. ಡೀಸೆಲ್ ಎಂಜಿನ್ ಭಾರವಾದ್ದರಿಂದ ಮುಂದಿನ ಸ್ಪ್ರಿಂಗಿಗೆ ಪಟ್ಟಿ ಹೆಚ್ಚಿಸಬೇಕು. ಇಷ್ಟಾದ ಮೇಲೆ ಏಳೆಂಟು ಕೊಡುತ್ತಿದ್ದ ಗಾಡಿ ಹತ್ತು-ಹನ್ನೆರಡು ಕೊಟ್ಟರೆ ಮಾಲೀಕ ಸಂತೃಪ್ತ.

ಜಾಣ ಮೇಸ್ತ್ರಿಗಳು ಅಲ್ಲಿಗೇ ನಿಲ್ಲಲಿಲ್ಲ. ಅವರ ಕಣ್ಣು ಹಿಂದಿನ ಆಕ್ಸಲ್ಲಿನ ‘ಕ್ರೌನ್-ಪಿನಿಯನ್’ ಮೇಲೆ ಬಿತ್ತು. ಸಿಜೆ-3ಬಿ ಜೀಪಿನ ಆಕ್ಸಲ್ ಅನುಪಾತ 5.38. ಎಂದರೆ ಚಕ್ರ ಒಂದು ಸುತ್ತು ತಿರುಗಲು ಟಾಪ್ ಗೇರಿನಲ್ಲಿ ಎಂಜಿನ್ 5.38 ಸುತ್ತು ತಿರುಗಬೇಕು. ಕೆಸರಿನಲ್ಲಿ ಎಳೆಯಲು ಇದು ವರ, ಟಾರು ರಸ್ತೆಯಲ್ಲಿ ಶಾಪ. ಜೀಪಿನ ಹಳೆಯ 16 ಇಂಚಿನ ಚಕ್ರ ಒಂದು ಕಿ.ಮೀ.ಗೆ ಸುಮಾರು 450 ಸುತ್ತು ಉರುಳುತ್ತದೆ. ಮಂಡ್ಯದಿಂದ ಮದ್ದೂರಿಗೆ 20 ಕಿ.ಮೀ. ಎಂದಿಟ್ಟುಕೊಂಡರೆ 9,000 ಸುತ್ತು. ಅಷ್ಟಕ್ಕೆ ಎಂಜಿನ್ 48,000ಕ್ಕೂ ಹೆಚ್ಚು ಸಲ ತಿರುಗಬೇಕು. ಅದೇ ಜಾಗದಲ್ಲಿ 4.27ರ ಹಲ್ಲು ಕೂರಿಸಿದರೆ 38,000 ಚಿಲ್ಲರೆ ಸಾಕು. ಒಂದು ಪಯಣದಲ್ಲಿ ಹತ್ತು ಸಾವಿರ ಸುತ್ತು ಉಳಿತಾಯ, ಕಿರುಚಾಟವೂ ಕಡಿಮೆ! ಡೀಸೆಲ್ ಎಂಜಿನ್ ನಿಧಾನವಾಗಿ ತಿರುಗಿ ಬಲವಾಗಿ ಎಳೆಯುವಂಥದ್ದಾದ್ದರಿಂದ ಈ ಜೋಡಿ ಹೊಂದಿತು. ಆದರೆ ಕಬ್ಬಿನ ಗದ್ದೆಗೆ ಇಳಿದಾಗ ಎಳೆತ ತಗ್ಗಿದ್ದು ತಿಳಿಯುತ್ತಿತ್ತು. ಫೋರ್ ವೀಲ್ ಇರುವ ಗಾಡಿಯಲ್ಲಿ ಹಿಂದಿನ ಆಕ್ಸಲ್ಲಿನಷ್ಟೇ ಹಲ್ಲು ಮುಂದಿನದಕ್ಕೂ ಹಾಕದಿದ್ದರೆ ಎರಡೂ ಒಂದಕ್ಕೊಂದು ಎಳೆದಾಡಿ ಗೇರುಗಳೇ ಮುರಿಯುತ್ತವೆ.

ಮುಂದಿನ ಚಕ್ರಗಳದು ಇನ್ನೊಂದು ಕತೆ. ಫೋರ್ ವೀಲ್ ಲಿವರ್ ಬಿಡಿಸಿದರೂ ಉರುಳುವ ಚಕ್ರ ಒಳಗಿನ ಶಾಫ್ಟು, ಗೇರುಗಳನ್ನೆಲ್ಲ ಸುಮ್ಮನೆ ತಿರುಗಿಸುತ್ತಿರುತ್ತದೆ. ಇದನ್ನು ತಪ್ಪಿಸಲು ಅಮೆರಿಕದ ವಾರ್ನ್ ಕಂಪನಿ 1948ರಲ್ಲಿ ಚಕ್ರದ ಗುಂಬದಲ್ಲೇ ಬಿಡಿಸಿ ಜೋಡಿಸುವ ಹಬ್ಬನ್ನು ಮಾರುಕಟ್ಟೆಗೆ ತಂದಿತು. ಉಳಿತಾಯ ಅಲ್ಪವೇ, ಆದರೆ ಸವೆತ ಕಡಿಮೆ. ವರ್ಷಕ್ಕೊಮ್ಮೆ ಕೆಸರಿಗಿಳಿಯುವ ಗಾಡಿಗೆ ಇದು ಸಾಕು.

ಗಮನಿಸಬೇಕಾದದ್ದು ಇಷ್ಟೆಲ್ಲ ಮಾಡಿದ ಮೇಲೂ ಉಳಿಯುತ್ತಿದ್ದ ಸೋರಿಕೆಗಳನ್ನು. ಎಂಜಿನ್ ಕಾಯುತ್ತದೆಂದು ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತೆಸೆಯುವುದು ನಮ್ಮ ಗ್ಯಾರೇಜುಗಳ ಹಳೆಯ ಚಾಳಿ. ಅದಿಲ್ಲದ ಎಂಜಿನ್ ತಕ್ಕ ಬಿಸಿಗೆ ಬರಲು ಬಹಳ ಹೊತ್ತು ಹಿಡಿಯುತ್ತದೆ, ತಣ್ಣಗಿರುವಷ್ಟು ಹೊತ್ತೂ ಹೆಚ್ಚು ಕುಡಿಯುತ್ತದೆ. ಕಾಯುವ ರೇಡಿಯೇಟರ್ ಶುಚಿ ಮಾಡಿಸುವ ಬದಲು ವಾಲ್ವಿಗೆ ಶಿಕ್ಷೆ! ಗಾಳಿ ಸೋಸುವ ಬಟ್ಟಲಿನ ಎಣ್ಣೆ ನಾಲೆ ಏರಿಯ ಧೂಳಿಗೆ ಕೆಸರಾಗಿರುತ್ತದೆ. ಉಸಿರುಗಟ್ಟಿದ ಎಂಜಿನ್ ಕಪ್ಪು ಹೊಗೆ ಬಿಡುತ್ತದೆ. ಹಿಡಿದುಕೊಂಡ ಬ್ರೇಕನ್ನು ಕಂಡುಹಿಡಿಯಲು ದೊಡ್ಡ ಯಂತ್ರ ಬೇಡ: ಜಾಕಿಯಲ್ಲಿ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿದರೆ ಸಾಕು. ಟೈರಿನ ಗಾಳಿ, ಕ್ಯಾರಿಯರಿನ ಭಾರ, ಡೀಸೆಲ್ ಪಂಪಿನ ಟ್ಯೂನಿಂಗು ಇವುಗಳೆಲ್ಲ ಸೇರಿ ನುಂಗುವುದು ಹೊಸ ಎಂಜಿನ್ನು ಉಳಿಸಿಕೊಟ್ಟದ್ದರಲ್ಲಿ ದೊಡ್ಡ ಪಾಲು. 1978ರಲ್ಲಿ ಸ್ಥಾಪನೆಯಾದ ಪೆಟ್ರೋಲಿಯಂ ಉಳಿತಾಯ ಸಂಶೋಧನಾ ಸಂಸ್ಥೆ ಅಂದಿನಿಂದಲೂ ಸಾರುತ್ತ ಬಂದಿರುವುದು ಬಹುಪಾಲು ಇದನ್ನೇ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಎಂಜಿನ್ ಆರಿಸುವ ಚಾಲಕರ ಉಳಿತಾಯ ಮಾತ್ರ ಯಾವ ಪಟ್ಟಿಗೂ ಸೇರಬಾರದು; ಮುತ್ತತ್ತಿಯ ಇಳುಕಲಿನಲ್ಲಿ ಹಳೆಯ ಡ್ರಮ್ ಬ್ರೇಕೊಂದನ್ನೇ ನಂಬುವುದು ಪ್ರಾಣದ ಜೂಜು.

ಡೀಸೆಲಿನ ಸುಗ್ಗಿಯೂ ಮುಗಿಯಿತು. ಸರ್ಕಾರ 2010ರ ಜೂನ್‌ನಲ್ಲಿ ಪೆಟ್ರೋಲ್, 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ಬೆಲೆಯ ಮೇಲಿನ ಹಿಡಿತ ಬಿಟ್ಟಿತು. ಎರಡರ ನಡುವಣ ಅಂತರ ಕುಗ್ಗಿತು. ಎಂಜಿನ್ ಬದಲಿಸಲು ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ ಆರ್.ಟಿ.ಒ. ಅನುಮತಿ ಬೇಕು, ಅದನ್ನು ಪಡೆಯದೆ ಎಂದೋ ಏರಿಸಿದ ಎಂಜಿನ್ನಿನ ಗಾಡಿಗಳು ನೋಂದಣಿ ನವೀಕರಣದ ಹೊತ್ತಿಗೆ ಸಿಕ್ಕಿಬೀಳುತ್ತವೆ. ಆ ನವೀಕರಣದ ಶುಲ್ಕವೇ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಹಾರಿತು. 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ರದ್ದಾಗುವ ನಿಯಮ ಬಂದು, ಇಲಾಖೆಗಳ ಹಳೆಯ ಜೀಪುಗಳಿಗೆ ಗುಜರಿಯ ದಾರಿ ಗೊತ್ತಾಯಿತು. ರಿಪೇರಿ ಮಾಡಿ ಓಡಿಸುವ ಪ್ರಶ್ನೆ ಈಗ ಖಾಸಗಿ ಮಾಲೀಕರಿಗಷ್ಟೇ ಉಳಿದಿದೆ.

ಪೆಟ್ರೋಲ್ ಎಂಜಿನ್ನನ್ನೇ ಉಳಿಸಿಕೊಂಡವರಿಗೆ ಎದುರಾದದ್ದು ಹಳೆಯ ನೆಂಟ. ಕರ್ನಾಟಕವೂ ಸೇರಿ ಒಂಬತ್ತು ರಾಜ್ಯಗಳಲ್ಲಿ 2003ರಲ್ಲಿ ಶೇ 5ರಿಂದ ಆರಂಭವಾದ ಎಥೆನಾಲ್ ಬೆರಕೆ, 2022ರಲ್ಲಿ ದೇಶದಾದ್ಯಂತ ಶೇ 10, 2025ರಲ್ಲಿ ಶೇ 20 ಮುಟ್ಟಿತು. ಕಬ್ಬಿಗೆ ಇನ್ನೊಂದು ಗಿರಾಕಿ ಸಿಕ್ಕಿತೆಂದು ಮಂಡ್ಯದ ಬೆಳೆಗಾರ ಸಂತೋಷಪಡಬಹುದು. ಅವನೇ ಹಳೆಯ ಜೀಪಿನ ಮಾಲೀಕನೂ ಆಗಿದ್ದರೆ ಲೆಕ್ಕ ತಿರುಗುತ್ತದೆ. ಒಂದು ಲೀಟರ್ ಎಥೆನಾಲಿನಲ್ಲಿರುವ ಶಾಖ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ. ಶೇ 20ರ ಬೆರಕೆಯಲ್ಲಿ ಒಟ್ಟು ಶಾಖ ಶೇ 6-7ರಷ್ಟು ತಗ್ಗುತ್ತದೆ, ಎಂಟು ಕಿ.ಮೀ. ಕೊಡುತ್ತಿದ್ದ ಗಾಡಿಯಲ್ಲಿ ಅರ್ಧ ಕಿ.ಮೀ. ಖೋತಾ. ಹೊಸ ಕಾರಿನ ಕಂಪ್ಯೂಟರಿನಂತೆ ಹಳೆಯ ಕಾರ್ಬ್ಯುರೇಟರ್ ತಾನಾಗಿ ಹೊಂದಿಕೊಳ್ಳದು, ಜೆಟ್ ಬದಲಿಸಿಯೇ ಸರಿಪಡಿಸಬೇಕು. ಪೆಟ್ರೋಲ್ ಪಂಪಿನ ಡಯಾಫ್ರಮ್ಮು, ರಬ್ಬರ್ ಪೈಪುಗಳು ಎಥೆನಾಲಿಗೆ ಮೆತ್ತಗಾಗಿ ಬಿರಿಯುವುದರಿಂದ ಅವನ್ನೂ ಬದಲಿಸಬೇಕಾಗುತ್ತದೆ.

2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್‌ನಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಅದರ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ, ಜೀಪಿಗೆ ಇದೆ. ಆದರೆ ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ಐವತ್ತರಲ್ಲಿ ಆ ಚಪ್ಪಟೆ ಮುಖಕ್ಕೆ ಬಡಿಯುವುದಕ್ಕಿಂತ ಎಂಬತ್ತರಲ್ಲಿ ಬಡಿಯುವುದು ಎರಡೂವರೆ ಪಟ್ಟು. ಹಳೆಯ ಜೀಪಿಗೆ ಮೈಲೇಜು ಸಿಗುವುದು ಪಕ್ಕದ ಸರ್ವಿಸ್ ರಸ್ತೆಯಲ್ಲೇ, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ, ನಲವತ್ತೈದು-ಐವತ್ತರ ವೇಗದಲ್ಲಿ.